ನಷ್ಟದ ಅಂದಾಜು

ಹೆದ್ದಾರಿಗೆ ಅರವತ್ತಾರು ಅಂತ ಹೊಸ ನಂಬರು ಬಂದು
ವರ್ಷಗಳೇ ಆದವು. ನಮ್ಮ ಬಾಯಲ್ಲಿ
ಇನ್ನೂ ಹದಿನೇಳೇ.
ಅದರ ಉದ್ದಕ್ಕೂ ನನ್ನ ಕೆಲಸ:
ಜಜ್ಜಿದ ಬಂಪರು, ಚೂರಾದ ಗಾಜು,
ಮಗ್ಗುಲಾಗಿ ಮಲಗಿದ ಮೀನಿನ ಲಾರಿ.
ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ,
ಚಾಸಿ ನಂಬರಿನದೊಂದು,
ಪಕ್ಕದಲ್ಲಿ ಕೈಕಟ್ಟಿ ನಿಂತ ಡ್ರೈವರನದೊಂದು.
ವಿಮೆ ಕಂಪನಿಗೆ ಅಷ್ಟು ಸಾಕು.

ಉಳಿದವು ನನಗೆ.

ಬಿಣಗಾ ದಾಟಿದ ಮೇಲೆ
ಪಂಕ್ಚರ್ ಅಂಗಡಿಯ ಬಾಗಿಲು ಕಾಯುವ ಟೈರಿನ ಮನುಷ್ಯ.
ಹೊಟ್ಟೆ ಲಾರಿಯದು, ತೋಳು ಸ್ಕೂಟರಿನದು,
ತಲೆ ಯಾವುದೋ ಮಗುವಿನ ಮೂರು ಗಾಲಿ ಸೈಕಲ್ಲಿನದು.
ಜೂನ್ ಬಂದರೆ ಅವನ ಹೊಟ್ಟೆಯೊಳಗೆ
ಕಪ್ಪೆ ವಟಗುಟ್ಟುತ್ತದೆ.

ಅಮದಳ್ಳಿಯ ತಗಡಿನ ಬೋರ್ಡು:
'ತಾಜಾ ಏಡಿ, ರವಿಕೆ ಹೊಲಿಗೆ, ಜೆರಾಕ್ಸ್.'
ಮೂರೂ ಕೆಲಸಕ್ಕೆ ಒಬ್ಬಳೇ, ಒಂದೇ ಕತ್ತರಿ.

ಅವರ್ಸಾದ ಹತ್ತಿರ ಹಳೇ ಕಾಲದ ಮೈಲಿಗಲ್ಲು
ಕುತ್ತಿಗೆಯವರೆಗೆ ಡಾಂಬರಿನಲ್ಲಿ ಹೂತಿದೆ.
'ಮೈಲಿ' ಅನ್ನುವಷ್ಟು ಮಾತ್ರ ಮೇಲೆ.
ಎಷ್ಟು, ಎಲ್ಲಿಗೆ, ಎಲ್ಲ
ನೆಲದ ಕೆಳಗೆ.

ಅಂಕೋಲೆಯ ಈಚೆ, ಕಲ್ಲಂಗಡಿ ಗದ್ದೆಯಲ್ಲಿ
ಖಾಕಿ ತೊಟ್ಟ ಬೆರ್ಚಪ್ಪ.
ಅವನನ್ನು ಕಂಡು ಲಾರಿಗಳು ಬ್ರೇಕ್ ಒತ್ತುತ್ತವೆ.
ಕಾಗೆಗಳು ಒತ್ತುವುದಿಲ್ಲ.

ಫೋನು ಎತ್ತಿದೆನೋ ಇಲ್ಲವೋ
ಒಳಗಿಂದ ಯಾರಾದರೂ ಬಂದೇ ಬರುತ್ತಾರೆ,
ಅನ್ನ ಕಲಸಿದ ಕೈಯಲ್ಲೇ:
'ಎಷ್ಟು ಮೀಟರ್ ಹೋಗ್ತದ್ರಾ?'
ಹೋದ ಸಲವೂ ಹೀಗೆಯೇ ಒಬ್ಬರು
ಫೋಟೋ ತೆಗೆದುಕೊಂಡು ಹೋದರಂತೆ.
ಆಮೇಲೆ ಬಂದದ್ದು ಕೆಂಪು ಬಣ್ಣದ ಡಬ್ಬಿ,
ಅದರ ಹಿಂದೆ ಜೇಸೀಬಿ.
ಬಾವಿಯ ಅರ್ಧ ಹೋಯಿತು. ಬಾವಿಯಲ್ಲಿ
ಅರ್ಧ ಅಂತ ಇರುತ್ತದೆಯೇ?

ಮೊನ್ನೆ, ದೀವಗಿಯ ಹತ್ತಿರ ಒಂದು ಗೇಟು.
ದೋಣಿಯನ್ನು ಉದ್ದಕ್ಕೆ ನಿಲ್ಲಿಸಿ ನಡುವೆ ಸೀಳಿದ್ದು.
ಹಸಿರು ಬಣ್ಣ ಚಕ್ಕೆ ಎದ್ದಿದೆ,
ನೋಂದಣಿ ನಂಬರು ಮಾಸಿಲ್ಲ.
ತೆರೆದರೆ ದೋಣಿ ಎರಡು ಹೋಳು,
ಮುಚ್ಚಿದರೆ ಮತ್ತೆ ತೇಲುವಂತೆ.
ನೋಡುತ್ತಾ ನಿಂತೆ. ಆಮೇಲೆ ಫೋಟೋ.

ಬೊಮ್ಮಯ್ಯ ಅಂಬಿಗ ಬಂದ, ಎಂಬತ್ತು ದಾಟಿದವ,
ಹೆಗಲ ಮೇಲೆ ಟವೆಲು.
ಅವನಪ್ಪ ಇದರಲ್ಲೇ ಹೊಳೆ ದಾಟಿಸುತ್ತಿದ್ದನಂತೆ,
ಜನ, ಆಡು, ಒಮ್ಮೆ ಒಂದು ದಿಬ್ಬಣ,
ವಾದ್ಯದವರು ಎರಡನೇ ಸಲಕ್ಕೆ.
'ಸೇತುವೆ ಬಂತು, ದೋಣಿ ಗೇಟಾಯ್ತು.
ಈಗ ರಸ್ತೆ ಅಗಲ ಆದ್ರೆ ಗೇಟು ಎಂತ ಆಗೂದು,
ಹೇಳಿ ಅಕ್ಕೋರೆ.'

ನಾನು ರಸ್ತೆಯವಳಲ್ಲ ಅಂದೆ.
ಸುಮ್ಮನೆ, ಚೆಂದ ಕಂಡಿತು, ತೆಗೆದೆ ಅಂದೆ.

ಅವನು ನಂಬಲಿಲ್ಲ.
ಟವೆಲಿನಿಂದ ನಂಬರು ಒರೆಸಿ ಕೇಳಿದ:
'ಚೆಂದಕ್ಕೆ ಎಷ್ಟು ಕೊಡ್ತಾರೆ?'

ಇಪ್ಪತ್ತೆರಡು ವರ್ಷ
ಸವಕಳಿ ಕಳೆದು, ಬಿಡಿಭಾಗ ಕೂಡಿಸಿ
ನಷ್ಟಕ್ಕೆ ಬೆಲೆ ಕಟ್ಟಿದವಳು ನಾನು.
ಕಾಲಂ ಹುಡುಕಿದೆ. ಇರಲಿಲ್ಲ.

'ಹಾಗಾದ್ರೆ ಸಮಾ ತೆಗೀರಿ' ಅಂದ.
ತೆಗೆದೆ. ಎದುರಿನಿಂದ, ಹಿಂದಿನಿಂದ,
ಎಡ, ಬಲ. ನಂಬರಿನದೊಂದು.
ಕೊನೆಯದಕ್ಕೆ ಅವನೇ ಬಂದು
ಪಕ್ಕದಲ್ಲಿ ಕೈಕಟ್ಟಿ ನಿಂತ,
ನಾನು ಹೇಳಿರಲಿಲ್ಲ.

ಮಜ್ಜಿಗೆ ಕುಡಿದು ಹೋಗಿ ಅಂತ
ಗೇಟು ತೆಗೆದ. ಕೀಲು ಕಿರುಗುಟ್ಟಿ
ದೋಣಿ ಎರಡಾಯಿತು, ನಾನು ನಡುವೆ ದಾಟಿದೆ,
ಗಾಳಿಗೆ ಹಿಂದೆ ತಾನೇ ಮುಚ್ಚಿಕೊಂಡಿತು.
'ದಾಟ್ಸಿದ್ದಕ್ಕೆ ನಾಲ್ಕಾಣೆ' ಎಂದು
ಹಲ್ಲಿಲ್ಲದ ಬಾಯಲ್ಲಿ ನಕ್ಕ.

ನಾಲ್ಕಾಣೆ ಈಗ ಯಾರ ಹತ್ತಿರ ಇದೆ?
ಪರ್ಸಿನ ಮೂಲೆ ಮೂಲೆ ತಡಕಿ,
ಬಾಕಿ ಬರೆದುಕೋ ಅಂದೆ.